ಒಲೆಗೆ ಬಿದ್ದ ಉಗುಳು

ಉಗುಳಿನಲ್ಲಿ ರೋಗ ಕಾಣಲು ಸಾಧ್ಯವೇ ಇಲ್ಲ ಎಂದವಳು ನಮ್ಮವ್ವ. ನಾನು ಬಿ.ಎ. ಮುಗಿಸಲು ಸಾಧ್ಯವೇ ಇಲ್ಲ ಎಂದವನು ದೊಡ್ಡಪ್ಪ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

ಕೊನೆಯ ವರ್ಷ ಮುಖ ಊದಿತು. ಕೈಕಾಲು ಸಣಕಲಾದವು, ಹೊಟ್ಟೆ ಬೆಳೆಯಿತು. ಎಲ್ಲಿ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು. ನಮ್ಮೂರು ಜಾಲಹಳ್ಳಿಯಲ್ಲಿ ಬಸ್ ಇಳಿದರೆ ಹೆಂಗಸರು ಮುಖ ಬಿಟ್ಟು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಹಾಸ್ಟೆಲಿನ ಊಟ ಮೈಗೆ ಹತ್ತಿದೆ ಎಂದು ಅವ್ವ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ರಾಯಚೂರಿನ ಡಾಕ್ಟರ್ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿರಬಹುದು ಎಂದರು. ಒತ್ತಡ ಬಿದ್ದಾಗ ಏರುವ ಹಾರ್ಮೋನು ಅದು. ಮಲಗುವ ಹೊತ್ತಿಗೆ ಇಳಿಯಬೇಕು. ನನಗೋ ಸೂಜಿ ಕಂಡರೇ ಮೈ ನಡುಗುತ್ತಿತ್ತು. ನರ ಸಿಗದೆ ನಾಲ್ಕಾರು ಕಡೆ ಚುಚ್ಚುತ್ತಿದ್ದರು.

"ಹೆದರಿದ್ರೂ ಅದು ಏರ್ತದಮ್ಮಾ. ರಕ್ತ ಬ್ಯಾಡ, ಉಗುಳಿನಾಗೂ ಅದು ಕಾಣ್ತದ. ಮನ್ಯಾಗ ಆರಾಮ ಕುಂತು, ಮಲಗೋ ಮುಂದ ಈ ಹತ್ತಿ ಬಾಯಾಗ ಇಟ್ಕೋ. ನೆನೆದ ಮ್ಯಾಲ ಟ್ಯೂಬಿಗಿ ಹಾಕು," ಎಂದರು.

ಎರಡು ರಾತ್ರಿ ಹಾಗೇ ಮಾಡಿದೆ. ಟ್ಯೂಬುಗಳು ತಣ್ಣಗಿರಲೆಂದು ನೀರಿನ ಗಡಿಗೆಯ ಬದಿಗಿಟ್ಟೆ.

ನಮ್ಮಲ್ಲಿ ದೃಷ್ಟಿ ತೆಗೆಯುವಾಗ ಉಪ್ಪು, ಮೆಣಸಿನಕಾಯಿ ನಿವಾಳಿಸಿ, ಅದರ ಮೇಲೆ ಮೂರು ಸಲ ಉಗುಳಿಸಿ ಒಲೆಗೆ ಹಾಕುತ್ತಾರೆ. ಕೆಟ್ಟದ್ದೆಲ್ಲ ಉಗುಳಿನೊಂದಿಗೆ ಸುಟ್ಟುಹೋಗಬೇಕು. ಅದನ್ನು ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ, ಪರರ ಕೈಗಂತೂ ಕೊಡುವುದೇ ಇಲ್ಲ. ನಾನು ಏಳುವಷ್ಟರಲ್ಲಿ ಅವ್ವ ಎರಡೂ ಟ್ಯೂಬುಗಳನ್ನು ನಿವಾಳಿಸಿ ಒಲೆಗೆ ಹಾಕಿದ್ದಳು. ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ.

"ಪೀಡಾ ಹೋತು ಬಿಡು," ಎಂದಳು.

ಹೊಸ ಟ್ಯೂಬು ಡಾಕ್ಟರಿಗೂ ಹೊರ ಊರಿನಿಂದ ಬರಬೇಕಿತ್ತು, ತಿಂಗಳಾಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಿದೆ.

ಬೆನ್ನೊಳಗೆ ಏನೋ ಮುರಿಯಿತು.

ಹಾರ್ಮೋನು ಎಲುಬನ್ನು ಒಳಗೊಳಗೇ ಟೊಳ್ಳು ಮಾಡಿತ್ತು. ಎಕ್ಸ್‌ರೇ ನೋಡಿದ ಡಾಕ್ಟರ್ ಅವ್ವನನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಎರಡನೇ ಸಲ ಟ್ಯೂಬುಗಳನ್ನು ಅವಳೇ ಸೆರಗಿನಲ್ಲಿ ಕಟ್ಟಿಕೊಂಡು ರಾಯಚೂರಿಗೆ ಒಯ್ದಳು. ದಾರಿಯುದ್ದಕ್ಕೂ ಗಂಟಿನಿಂದ ಕೈ ತೆಗೆಯಲಿಲ್ಲವಂತೆ.

ರಾತ್ರಿಯೂ ಕಾರ್ಟಿಸಾಲ್ ಇಳಿದಿರಲಿಲ್ಲ. ಎಂಆರ್‌ಐ ಮಾಡಿದರೆ ಮೆದುಳಿನ ಬುಡದ ಗ್ರಂಥಿಯಲ್ಲಿ ಗಡ್ಡೆ. ಹೈದರಾಬಾದಿನಲ್ಲಿ ಮೂಗಿನೊಳಗಿಂದ ತೆಗೆದರು. ಪೂರ್ತಿ ಬಂದಿಲ್ಲ. ಮಾತ್ರೆ ನಡೆದಿದೆ, ಆಗಾಗ ಉಗುಳು ಕೊಡುವುದೂ ನಡೆದಿದೆ. ಮುಖ ಮೊದಲಿನಂತಾಗುತ್ತಿದೆ. ಕುಸಿದ ಬೆನ್ನು ಆಗುವುದಿಲ್ಲ; ಅವ್ವನ ಪಕ್ಕ ನಿಂತರೆ ಈಗ ನಾನೇ ಗಿಡ್ಡ.

ಪರೀಕ್ಷೆಯನ್ನು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡೇ ಬರೆದೆ. ಪಾಸಾದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊನ್ನೆ ಪದವಿ ಪ್ರಮಾಣಪತ್ರ ಬಂತು. ದೊಡ್ಡಪ್ಪ ನೋಡಲು ಬರಲಿಲ್ಲ. ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈಗೆ ಕೊಟ್ಟೆ. ಓದು ಬಾರದ ಅವಳು ನನ್ನ ಹೆಸರೆಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿ, ತಿರುಗಿ ನನ್ನತ್ತ ಚಾಚಿದಳು.

"ನೀನ ಎತ್ತಿಡವ್ವಾ. ನನ್ನ ಕೈ ಒಲಿ ಹತ್ರ ಅದ."