ಮೂಲೆಯ ಹಸಿರು ಪಟ್ಟಿ

ಗ್ರಂಥಾಲಯದ ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುವ ಚಿಕ್ಕಮ್ಮ ಪ್ರತಿ ಪರದೆಯ ಮೂಲೆಯಲ್ಲೂ ಒಂದು ಕಣ್ಣು ನೆಟ್ಟಿದ್ದಾಳೆ, ಯಾರು ಏನು ಬೆರಳಚ್ಚಿಸಿದರೂ ಅವಳಿಗೆ ತಿಳಿಯುತ್ತದೆ ಎಂಬ ಸುದ್ದಿ ಓದುಗರ ನಡುವೆ ಹಬ್ಬಿತ್ತು. ಸುದ್ದಿಗೆ ಕೈಕಾಲು ಮೂಡಲು ತಡವಾಗಲಿಲ್ಲ. ಉದ್ಯೋಗದ ಅರ್ಜಿ ತುಂಬಲು ಬರುತ್ತಿದ್ದ ಯುವತಿಯೊಬ್ಬಳು ಆ ಮೂಲೆಗೆ ಕರವಸ್ತ್ರ ಇಳಿಬಿಡುತ್ತಿದ್ದಳು. ನಿವೃತ್ತ ಅಂಚೆಯವರೊಬ್ಬರು ಅದರ ಮೇಲೆ ಬಸ್ ಟಿಕೆಟ್ ಅಂಟಿಸಿದ್ದರು.

ನಿಜಸಂಗತಿ ಬೇರೆ. ಗಡಿಯಾರದ ಪಕ್ಕ ಚಿಕ್ಕ ಚಿಹ್ನೆಗಳು ಸಾಲಾಗಿ ಕೂರುವ ಜಾಗದಲ್ಲಿದ್ದದ್ದು ಅಂಗಿಯ ಗುಂಡಿಯಷ್ಟು ಅಗಲದ ಒಂದು ಮಾಪಕ. ಯಂತ್ರದ ಸಿಪಿಯು, ಅಂದರೆ ಲೆಕ್ಕವೆಲ್ಲ ನಡೆಯುವ ಅದರ ಮಿದುಳು, ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ತಕ್ಕಂತೆ ಅದರೊಳಗಿನ ಪಟ್ಟಿ ಏರಿ ಇಳಿಯುತ್ತದೆ. ಯಾರು ಏನು ಬರೆದರೆಂಬುದು ಅದಕ್ಕೂ ಗೊತ್ತಿಲ್ಲ, ಚಿಕ್ಕಮ್ಮನಿಗೂ ಬೇಕಿಲ್ಲ.

ಊರಿಗೆಲ್ಲ ಚಿಕ್ಕಮ್ಮನಾದ ಈಕೆ ಮೊದಲು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವಳು. ಹದಿನೇಳು ವರ್ಷ ಉಗಿಯ ಒತ್ತಡದ ಮುಳ್ಳನ್ನೇ ದಿಟ್ಟಿಸಿದ ಮೇಲೆ, ಮುಳ್ಳಿಲ್ಲದ ಯಂತ್ರವನ್ನು ನಂಬುವುದು ಅವಳಿಂದಾಗದು. ಗ್ರಂಥಾಲಯದ ಆರು ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಎಬ್ಬಿಸಿ ಕೂರಿಸಿದ್ದವಳು ಅವಳೇ. ಅಲ್ಲಿನ ಪುಸ್ತಕಗಳನ್ನೇ ಓದಿ ಪ್ರೋಗ್ರಾಂ ಬರೆಯಲು ಕಲಿತಿದ್ದಳು. ಆದರೆ ಮಾಪಕ ಬರುವ ಮೊದಲು, ಒಂದು ತಿಂಗಳಿನಿಂದ ಆರೂ ಯಂತ್ರಗಳು ಆಮೆಯೇ ವಾಸಿ ಎನ್ನುವಂತೆ ತೆವಳತೊಡಗಿದ್ದವು. ಸೋಮವಾರ ಗ್ರಂಥಪಾಲಕರು ಕನ್ನಡಕ ಒರೆಸುತ್ತ ತೀರ್ಪು ಕೊಟ್ಟರು:

"ನೋಡಿ ಚಿಕ್ಕಮ್ಮ, ಶನಿವಾರದ ತನಕ ಟೈಮು. ಸರಿಹೋದ್ರೆ ಸರಿ. ಇಲ್ಲಾಂದ್ರೆ ಇವನ್ನೆಲ್ಲ ಗುಜರಿಗೆ ಹಾಕಿ, ಇಲ್ಲಿ ಹಳೇ ಪೇಪರ್ ಜೋಡಿಸ್ತೀನಿ."

ಕೊಠಡಿ ಹೋದರೆ ಚಿಕ್ಕಮ್ಮನ ಕೆಲಸವೂ ಹೋದಂತೆ. ಎಲ್ಲಿ ಉಸಿರು ಕಟ್ಟುತ್ತಿದೆ ಎಂದು ತಿಳಿಯಲು ಮಾಪಕ ಬೇಕು. ಸಿದ್ಧವಾಗಿ ಸಿಕ್ಕ ಮಾಪಕಗಳೋ ಬಣ್ಣದ ಕಿಟಕಿಗಳನ್ನು ತೆರೆದು ತಾವೇ ಹೊರೆಯಾಗುತ್ತಿದ್ದವು. ಹಗುರವಾದದ್ದೊಂದನ್ನು ತಾನೇ ಬರೆಯುತ್ತೇನೆಂದು ಆಕೆ ಹಟ ತೊಟ್ಟಳು. ಬುಧವಾರ ಆರೂ ಪರದೆಗಳ ಮೂಲೆಯಲ್ಲಿ ಆ ಗುಂಡಿಯಗಲದ ಮಾಪಕ ಮೂಡಿತು. ಆರರಲ್ಲೂ ಪಟ್ಟಿ ನೆತ್ತಿಗೇರಿ ಕೆಂಪಾಗಿ ನಿಂತಿತು, ಯಾರೂ ಮುಟ್ಟದ ಯಂತ್ರದಲ್ಲೂ. ಗ್ರಂಥಪಾಲಕರು "ಮುಗೀತು, ಇವಕ್ಕೆ ವಯಸ್ಸಾಯ್ತು" ಎಂದು ಗುಜರಿಯವನ ನಂಬರ್ ಹುಡುಕಿದರು.

ಮರುದಿನ ಊಟದ ಬಿಡುವಿನಲ್ಲಿ, ಶಾಲೆಯಲ್ಲಿ ಗಣಿತ ಕಲಿಸುವ ನಾದಿನಿ ಬಂದು ಪರದೆಯತ್ತ ಬಗ್ಗಿದಳು.

"ಅತ್ತಿಗೆ, ನಿಮ್ಮ ಪಟ್ಟಿ ಎಷ್ಟು ಹೊತ್ತಿಗೊಂದ್ಸಲ ಹೋಗಿ ಸಿಪಿಯುನ ವಿಚಾರಿಸತ್ತೆ?"

"ಸೆಕೆಂಡಿಗೆ ನೂರು ಸಲ. ಒಂದೂ ತಪ್ಪಬಾರದಲ್ಲ! ಬಾಯ್ಲರ್ ಮುಂದೆ ಕಣ್ಣು ಮಿಟುಕಿಸಿದ್ರೂ ಬೈತಿದ್ರು."

"ಮುಳ್ಳು ನೋಡಿದ್ರೆ ಬಾಯ್ಲರ್‌ಗೇನು ಖರ್ಚು? ಇಲ್ಲಿ ನೀವು ಕೇಳಿದ್ದಕ್ಕೂ ಆ ಬಡಪಾಯಿನೇ ಉತ್ತರ ಹೇಳ್ಬೇಕು. ನಿಮ್ಮನ್ನ ಯಾರಾದ್ರೂ ಸೆಕೆಂಡಿಗೆ ನೂರು ಸಲ 'ಪುರುಸೊತ್ತಿದೆಯಾ, ಪುರುಸೊತ್ತಿದೆಯಾ' ಅಂದ್ರೆ?"

"ಕಪಾಳಕ್ಕೆ ಬಿಡ್ತೀನಿ."

"ಪಾಪ, ಅದಕ್ಕೆ ಕೈಯಿಲ್ಲ. ಕೆಂಪಾಗಿ ಕೂತಿದೆ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನೂರನ್ನು ಅಳಿಸಿ, ಎರಡು ಸೆಕೆಂಡಿಗೊಮ್ಮೆ ಎಂದು ತಿದ್ದಿದಳು. ಪಟ್ಟಿ ಜರ್ರನೆ ಇಳಿದು ಹಸಿರಾಯಿತು. ಆದರೆ ಅರ್ಧಕ್ಕೆ ಬಂದು ನಿಂತಿತು. ಸುಮ್ಮನೆ ಕೂತ ಯಂತ್ರಕ್ಕೆ ಅರ್ಧ ದುಡಿತ ಯಾತರದು? ನಡೆಯುತ್ತಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಹೋದಳು. ಪರದೆಯ ಹಿನ್ನೆಲೆಯಲ್ಲಿ ಹಗಲಿಡೀ ಸುರಿಯುತ್ತಿದ್ದ ಜಲಪಾತದ ವೀಡಿಯೊ ನಿಂತಾಗ ಪಟ್ಟಿ ತಳ ಸೇರಿತು.

ಜಲಪಾತ ಗ್ರಂಥಪಾಲಕರದು. ಕೊಠಡಿಗೆ ಕಳೆ ಬರಲೆಂದು ತಿಂಗಳ ಹಿಂದೆ ಆರರಲ್ಲೂ ತಾವೇ ಕೂರಿಸಿ, ಬಂದವರಿಗೆಲ್ಲ ತೋರಿಸಿದ್ದರು. ಚಿಕ್ಕಮ್ಮನ ಬಾಯಲ್ಲಿ ಬಿಸಿ ತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ. ಶುಕ್ರವಾರ ಅವರನ್ನೇ ಕುರ್ಚಿಯಲ್ಲಿ ಕೂರಿಸಿ ಮೌಸ್ ಕೈಗಿತ್ತಳು.

"ಸರ್, ಆ ಮೂಲೆ ನೋಡ್ತಾ ಜಲಪಾತ ನಿಲ್ಸಿ. ಈಗ ಮತ್ತೆ ಬಿಡಿ."

ಪಟ್ಟಿ ಇಳಿಯಿತು, ಏರಿತು. ಹೇಳದಿದ್ದರೂ ಅವರು ಮತ್ತೆ ಮತ್ತೆ ಮಾಡಿ ನೋಡಿದರು. ಐದನೆಯ ಸಲಕ್ಕೆ ಕನ್ನಡಕ ತೆಗೆದರು.

"ಅಂದ್ರೆ, ತಪ್ಪು ನನ್ನದೇ ಅಂತೀರಾ?"

"ಬುಧವಾರದ್ದು ನಂದು ಸರ್. ಅದಕ್ಕೆ ಮುಂಚಿಂದು ನೀರಿಂದು."

ಗ್ರಂಥಪಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆರೂ ಜಲಪಾತಗಳನ್ನು ತಾವೇ ನಿಲ್ಲಿಸಿದರು.

ಈಗ ಕೊಠಡಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ತೆರೆದಿರುತ್ತದೆ. ಐದು ಯಂತ್ರಗಳು ನಡೆಯುತ್ತಿವೆ. ಆರನೆಯದರ ಕೀಲಿಮಣೆ ಕೆಟ್ಟಿದೆ, ಹೊಸದು ಇನ್ನೂ ಬಂದಿಲ್ಲ. ಚಿಕ್ಕಮ್ಮನ ಕೆಲಸ ಮುಂದಿನ ವರ್ಷದವರೆಗೆ ಖಾತ್ರಿಯಾಗಿದೆ.