ಮುಖ ಅವಳದು, ಬಣ್ಣ ನನ್ನದು

ನಾನು ಮುಖಕ್ಕೆ ಬಣ್ಣ ಹಚ್ಚುವವಳು. ನಮ್ಮಪ್ಪ ಉತ್ತರ ಕರ್ನಾಟಕದ ಒಂದು ನಾಟಕ ಕಂಪನಿಯಲ್ಲಿ ಬಣ್ಣದ ಮಾಸ್ತರನಾಗಿದ್ದ. ರಾಜನನ್ನೂ ರಾಕ್ಷಸನನ್ನೂ ಒಂದೇ ಬಣ್ಣದ ಪೆಟ್ಟಿಗೆಯಿಂದ ಎತ್ತಿ ತೆಗೆಯುತ್ತಿದ್ದ. ಅವನ ಪಕ್ಕದಲ್ಲಿ ಕೂತು ಬಣ್ಣ ಕಲಸಿ ಕೊಡುತ್ತ ಕಲಿತದ್ದೇ ನನ್ನ ವಿದ್ಯೆ. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಮೇಲೆ ಮೊದಮೊದಲು ಶಾಲೆಯ ಗ್ಯಾದರಿಂಗ್‌ಗಳಿಗೆ ಮಕ್ಕಳನ್ನು ಕೃಷ್ಣ, ಶಿವಾಜಿ ಮಾಡಿದೆ. ಆಮೇಲೆ ಕನ್ನಡ ಸಂಘದವರ ನಾಟಕ, ಮದುವೆಯ ಹೆಣ್ಣು, ಕೊನೆಗೆ ಮರಾಠಿ ಲಾವಣಿ ಕುಣಿತದ ಮೇಳ. ನನ್ನ ಗಂಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಅವರ ಪಗಾರದಲ್ಲಿ ಮನೆ ನಡೆಯುತ್ತಿತ್ತು, ನನ್ನ ಸಂಪಾದನೆಯಲ್ಲಿ ಮನೆಗೆ ಸ್ವಲ್ಪ ಬೆಳಕು ಬರುತ್ತಿತ್ತು ಎಂದರೆ ಸರಿಯಾದೀತು.

ಲಾವಣಿ ಮೇಳದಲ್ಲಿ ನನಗೆ ಸಿಕ್ಕವಳು ಅವಳು. ನನಗಿಂತ ಚಿಕ್ಕವಳು, ಸೊಲ್ಲಾಪುರದ ಕಡೆಯವಳು. ಮನೆಯಲ್ಲಿ ಕನ್ನಡ, ವೇದಿಕೆಯ ಮೇಲೆ ಮರಾಠಿ. ಮುದಿ ತಾಯಿಯ ಜೊತೆ ನಮ್ಮಿಂದ ಎರಡು ಗಲ್ಲಿ ಆಚೆಗೆ ಒಂದೊಂದೇ ಕೋಣೆಯ ಮನೆಗಳ ಚಾಳಿನಲ್ಲಿ ಇದ್ದಳು. ಕುಣಿತದಲ್ಲಿ ಅವಳನ್ನು ಮೀರಿಸುವವರು ಆ ಮೇಳದಲ್ಲಿ ಇರಲಿಲ್ಲ, ಆದರೆ ಮುಖ ಮಾತ್ರ ಸಾಧಾರಣ. ಸಣ್ಣ ಕಣ್ಣು, ಚಪ್ಪಟೆ ಕೆನ್ನೆ. ನಾನು ಆ ಕಣ್ಣನ್ನು ಕಾಡಿಗೆಯಲ್ಲಿ ಉದ್ದ ಎಳೆದೆ, ಕೆನ್ನೆಗೆ ನೆರಳು ಕೊಟ್ಟು ಎಲುಬು ಎಬ್ಬಿಸಿದೆ. ಒಂಬತ್ತು ಗಜದ ನೌವಾರಿ ಸೀರೆ ಉಟ್ಟು, ನತ್ತು ಇಟ್ಟು, ಗಜರಾ ಮುಡಿದು ಎದ್ದು ನಿಂತರೆ ಅವಳನ್ನು ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಎಷ್ಟೋ ವರ್ಷ ಅವಳ ಮುಖವನ್ನು ನನ್ನ ಎಡಗೈಯಲ್ಲಿ ಹಿಡಿದು ಕೂತಿದ್ದೇನೆ. ಆ ಮುಖದ ಯಾವ ಜಾಗದಲ್ಲಿ ಬೆವರು ಮೊದಲು ಒಡೆಯುತ್ತದೆ ಎಂಬುದು ಅವಳಿಗಿಂತ ನನಗೇ ಹೆಚ್ಚು ಗೊತ್ತಿತ್ತು.

ಲಾಕ್‌ಡೌನ್ ಬಂತು. ಕಾರ್ಯಕ್ರಮಗಳೆಲ್ಲ ಒಮ್ಮೆಲೇ ನಿಂತವು. ಮಾಸ್ಕ್ ಕಟ್ಟಿಕೊಂಡ ಊರಿನಲ್ಲಿ ಮುಖದ ಬಣ್ಣ ಯಾರಿಗೆ ಬೇಕು? ನನ್ನ ಪ್ಯಾನ್‌ಕೇಕ್ ಬಣ್ಣದ ಡಬ್ಬಿಗಳು ಒಣಗಿ ಬಿರುಕು ಬಿಟ್ಟವು. ಅವಳು ಒಂದಷ್ಟು ದಿನ ಕೈಗಾಡಿಯಲ್ಲಿ ಕೊತ್ತಂಬರಿ, ಮೆಂತ್ಯೆ ಮಾರಿದಳು. ನನ್ನ ಗಂಡನಿಗೆ ಕಾರ್ಖಾನೆಯವರು ಅರ್ಧ ಪಗಾರ ಕೊಡುತ್ತಿದ್ದರು. ಸಂಜೆ ಹೊತ್ತು ಉಳಿದ ಸೊಪ್ಪನ್ನು ಅವಳು ನಮ್ಮ ಬಾಗಿಲಿಗೆ ತಂದಿಟ್ಟು ಹೋಗುತ್ತಿದ್ದಳು. ನಾನು ಡಬ್ಬಿಯಲ್ಲಿ ಬೇಳೆಯೋ ಅವಲಕ್ಕಿಯೋ ಹಾಕಿ ಕೊಡುತ್ತಿದ್ದೆ. ಆ ಕೆಟ್ಟ ಕಾಲದಲ್ಲಿ ನಮ್ಮಿಬ್ಬರ ನಡುವೆ ಒಂದು ಕೆಟ್ಟ ಮಾತೂ ಬರಲಿಲ್ಲ. ಇಬ್ಬರಿಗೂ ಏನೂ ಇಲ್ಲದಿದ್ದಾಗ ಹೋಲಿಸಿ ನೋಡುವುದಕ್ಕೆ ಏನಿರುತ್ತದೆ?

ಎರಡನೆಯ ಅಲೆ ಇಳಿದ ಮೇಲೆ, ಜಾನಪದ ಕಲಾವಿದರಿಗೆ ಸರ್ಕಾರ ಒಂದು ಸಲದ ಸಹಾಯಧನ ಕೊಡುತ್ತದೆ ಎಂಬ ಸುದ್ದಿ ಬಂತು. ಸುದ್ದಿ ತಂದವಳು ಅವಳೇ. ಓಡುತ್ತಲೇ ಬಂದಿದ್ದಳು. ನಿನ್ನ ಆಧಾರ್, ರೇಷನ್ ಕಾರ್ಡ್, ಹಳೆಯ ಕಾರ್ಯಕ್ರಮದ ಫೋಟೋ ಎಲ್ಲ ತೆಗೆದಿಡು, ಇಬ್ಬರೂ ಜೊತೆಗೇ ಠಾಣೆಯ ಕಚೇರಿಗೆ ಹೋಗೋಣ ಅಂದಳು. ಲಸಿಕೆಯ ಎರಡು ಡೋಸ್ ಆದವರನ್ನು ಲೋಕಲ್ ರೈಲಿಗೆ ಬಿಡುತ್ತಿದ್ದರು. ದಾರಿಯುದ್ದಕ್ಕೂ ನಾವು ಬಂದ ದುಡ್ಡಿನಲ್ಲಿ ಏನೇನು ಮಾಡಬೇಕು ಎಂದು ಮಾತಾಡಿದೆವು. ರೈಲು ಮುಂಬ್ರಾ ದಾಟಿ ಖಾಡಿಯ ಹಿನ್ನೀರು ಕಾಣುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಠಾಣೆಯ ನೌಪಾಡಾದ ಅಂಗಡಿಗೆ ಹೋಗಿ ಹೊಸ ಬಣ್ಣ, ಹೊಸ ಬ್ರಶ್ಶು ಆರಿಸಿ ಆಗಿತ್ತು.

ಠಾಣೆಯ ಆ ಕಚೇರಿಯ ಮನುಷ್ಯ ಒರಟನೇನಲ್ಲ. ಕೂರಲು ಕುರ್ಚಿ ಕೊಟ್ಟ. ಅವಳ ಕಾಗದಗಳನ್ನು ನೋಡಿ ಲಾವಣಿ ಎಂದು ಬರೆದುಕೊಂಡ. ನನ್ನ ಸರದಿ ಬಂದಾಗ ನೀವು ವೇದಿಕೆಯ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದ. ವೇದಿಕೆಯ ಮೇಲೆ ಅಲ್ಲ, ಹಿಂದೆ ಎಂದೆ. ಅವಳ ಫೋಟೋ ತೋರಿಸಿ ಈ ಮುಖ ನಾನು ಮಾಡಿದ್ದು ಎಂದೆ. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಪೆನ್ನು ಕೆಳಗಿಟ್ಟ.

"ಹಾ ಧಂದಾ ಆಹೆ ತಾಯಿ, ಕಲಾ ನಾಹೀ" ಅಂದ. ಇದು ವ್ಯಾಪಾರ, ಕಲೆ ಅಲ್ಲ.

ವ್ಯಾಪಾರವಾದರೆ ವ್ಯಾಪಾರದವರ ಸಹಾಯವನ್ನೇ ಕೇಳೋಣವೆಂದು ಇನ್ನೊಂದು ಕಚೇರಿಗೆ ಹೋದೆ. ಅಲ್ಲಿ ಗಾಡಿ ಇದೆಯೇ, ರಸ್ತೆಯ ಮೇಲೆ ಜಾಗ ಇದೆಯೇ, ಪಾಲಿಕೆಯ ಲೈಸೆನ್ಸ್ ಇದೆಯೇ ಎಂದು ಕೇಳಿದರು. ನನ್ನ ಅಂಗಡಿ ಎಂದರೆ ಹೆಗಲಿಗೆ ಹಾಕಿಕೊಳ್ಳುವ ಒಂದು ಪೆಟ್ಟಿಗೆ. ಮೊದಲನೆಯವರಿಗೆ ನಾನು ವ್ಯಾಪಾರಿ, ಎರಡನೆಯವರಿಗೆ ವ್ಯಾಪಾರಿಯೂ ಅಲ್ಲ. ಅದೇ ವಾರ ಊರಿನಿಂದ ನನ್ನ ತಮ್ಮನ ಫೋನ್ ಬಂತು. ಕರ್ನಾಟಕದಲ್ಲೂ ಕಲಾವಿದರಿಗೆ ಕೊಟ್ಟಿದ್ದರಂತೆ, ಅವನಿಗೂ ಬಂದಿತ್ತಂತೆ. ಅಪ್ಪನ ಕಂಪನಿಯಲ್ಲಿ ಅವನು ಮಾಡಿದ್ದು ಪರದೆ ಎಳೆಯುವ ಕೆಲಸ. ಅದನ್ನೂ ಎಷ್ಟೋ ಸಲ ಹೊತ್ತಿಗೆ ಮುಂಚೆಯೇ ಎಳೆದು ಬೈಸಿಕೊಂಡಿದ್ದ.

"ನೀ ಈ ಕಡೆ ಇದ್ದಿದ್ದರ ನಿನಗೂ ಬರ್ತಿತ್ತು ನೋಡಕ್ಕಾ" ಅಂದ ಅವನು, ಬಹಳ ಮರುಕದಿಂದ. ನಾನು ಸಿಗ್ನಲ್ ಇಲ್ಲ ಎಂದು ಹೇಳಿ ಫೋನ್ ಇಟ್ಟೆ.

ತಮ್ಮನ ಮೇಲಿನ ಸಿಟ್ಟು ನಾಲ್ಕು ದಿನಕ್ಕೆ ಆರಿತು. ಅವನು ದೂರ ಇದ್ದ. ಇವಳು ಎರಡು ಗಲ್ಲಿ ಆಚೆ ಇದ್ದಳು. ಕೆಲವು ತಿಂಗಳು ಕಳೆದ ಮೇಲೆ ದುಡ್ಡು ಅವಳ ಖಾತೆಗೆ ಬಂತು. ದೊಡ್ಡ ಮೊತ್ತವಲ್ಲ, ಡೊಂಬಿವಲಿಯಲ್ಲಿ ಒಂದು ಖೋಲಿಯ ತಿಂಗಳ ಬಾಡಿಗೆಗೂ ಪೂರ್ತಿ ಸಾಲುವಂಥದ್ದಲ್ಲ. ಆದರೂ ಅವಳು ಹೂರಣದ ಹೋಳಿಗೆ ಮಾಡಿ ನಮ್ಮನ್ನು ಊಟಕ್ಕೆ ಕರೆದಳು. ನನ್ನ ಗಂಡ ಸಂತೋಷದಿಂದ ಉಂಡರು. ನಾನು ಉಣ್ಣುತ್ತ ಅವಳ ಮನೆಯನ್ನು ನೋಡುತ್ತಿದ್ದೆ. ಮೂಲೆಯಲ್ಲಿ ಹೊಸ ಟೇಬಲ್ ಫ್ಯಾನು ಅತ್ತಿಂದಿತ್ತ ಕತ್ತು ತಿರುಗಿಸುತ್ತಿತ್ತು. ಅದರ ಗಾಳಿ ನನ್ನ ಕಡೆ ಬಂದಾಗ ಮೈ ಉರಿಯಿತು. ಅವಳ ತಾಯಿ ಹೊಸ ಕನ್ನಡಕ ಹಾಕಿಕೊಂಡಿದ್ದಳು. ಎಷ್ಟೋ ದಿನಗಳ ಮೇಲೆ ನಿನ್ನ ಮುಖ ನಿಚ್ಚಳ ಕಾಣಿಸಿತವ್ವಾ ಎಂದು ಆ ಮುದುಕಿ ನನ್ನ ಗಲ್ಲ ಸವರಿದಳು. ಆ ಕನ್ನಡಕವೂ ನನ್ನ ದುಡ್ಡೇ ಅನ್ನಿಸಿತು ನನಗೆ. ಹೋಳಿಗೆಗೆ ತುಪ್ಪ ಹೆಚ್ಚಾಗಿದೆ ಎಂದು ಎಲೆಯಲ್ಲಿ ಬಿಟ್ಟು ಎದ್ದೆ.

ಆಮೇಲೆ ಆ ಹೊಟ್ಟೆಕಿಚ್ಚು ನನ್ನ ಜೊತೆಗೇ ಏಳುತ್ತಿತ್ತು, ಜೊತೆಗೇ ಮಲಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಅವಳ ಕೈಚೀಲದೊಳಗೆ ಏನಿದೆ ಎಂದು ಇಣುಕಿ ನೋಡುತ್ತಿದ್ದೆ. ಅವಳು ಸೇಬು ಕೊಂಡರೆ ಅದು ಸರ್ಕಾರದ ಸೇಬು. ಅರ್ಜಿಗೆ ಅಂಟಿಸಿದ ಫೋಟೋದಲ್ಲಿ ಇದ್ದದ್ದು ಆ ಸಣ್ಣ ಕಣ್ಣಿನ, ಚಪ್ಪಟೆ ಕೆನ್ನೆಯ ಹೆಂಗಸಲ್ಲವಲ್ಲ, ನನ್ನ ಬೆರಳು ಎಬ್ಬಿಸಿದ ಮುಖವಲ್ಲವೇ ಎಂದು ರೊಟ್ಟಿ ಬಡಿಯುವಾಗ ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಇದನ್ನು ಗಂಡನ ಮುಂದೆ ಆಡಿದೆ. ಅವರು ಪೇಪರ್ ಮಡಚಿಟ್ಟು, ಆ ದುಡ್ಡು ಅವಳಿಗೆ ಬರದೆ ಇದ್ದಿದ್ದರೆ ನಿನಗೆ ಬರುತ್ತಿತ್ತೇ ಎಂದು ಕೇಳಿದರು. ನ್ಯಾಯದ ಮಾತೇ. ಆದರೆ ನ್ಯಾಯದ ಮಾತು ಹೊಟ್ಟೆಗೆ ಇಳಿಯುವುದಿಲ್ಲ. ಯಾರಿಗೂ ಕೊಡದಿದ್ದರೆ ನಾನು ಸುಖವಾಗಿ ಇರುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು.

ಮದುವೆಯ ಸೀಸನ್ ಮತ್ತೆ ಶುರುವಾಯಿತು. ನವಿ ಮುಂಬಯಿಯ ಘಣಸೋಲಿಯ ಹಳೆಯ ಊರಿನಲ್ಲಿ ಒಂದು ಮನೆಯ ಅರಿಶಿನ ಹಚ್ಚುವ ಹಳದಿ ಕಾರ್ಯಕ್ರಮಕ್ಕೆ ಮೇಳವನ್ನು ಕರೆದರು. ಗಲ್ಲಿಗೆ ಗಲ್ಲಿಯೇ ಮಂಟಪ, ವರನ ಮೈಗೆಲ್ಲ ಅರಿಶಿನ, ಬೆಂಜೋ ಬಾರಿಸುವ ಪಾರ್ಟಿ, ಎದೆ ನಡುಗಿಸುವ ಸ್ಪೀಕರು. ನಮಗೆ ಮೊದಲ ಮಾಳಿಗೆಯ ಒಂದು ಕೋಣೆ ಕೊಟ್ಟಿದ್ದರು. ಉಳಿದ ಹುಡುಗಿಯರ ಮುಖ ಮುಗಿಸಿ ಕೆಳಗೆ ಕಳಿಸಿದೆ. ಕೊನೆಗೆ ಅವಳು ನನ್ನ ಮುಂದೆ ಕೂತು, ಯಾವಾಗಿನಂತೆ ಕಣ್ಣು ಮುಚ್ಚಿ, ಗದ್ದ ಎತ್ತಿ ಕೊಟ್ಟಳು.

ಹುಬ್ಬಿನ ತುದಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ ನಗುವ ಮುಖವೂ ದಣಿದಂತೆ ಕಾಣುತ್ತದೆ. ಶೋಕದ ಪಾತ್ರಕ್ಕೆಂದು ಅಪ್ಪ ಕಲಿಸಿದ್ದು ಅದು. ನನ್ನ ಕೈ ಅದನ್ನೇ ಮಾಡಿತು. ಪ್ಯಾನ್‌ಕೇಕನ್ನೂ ಒಂದು ಬಣ್ಣ ಮಂಕಾದದ್ದು ಆರಿಸಿದೆ, ಕೆನ್ನೆಯ ನೆರಳನ್ನು ಕೆಳಗೆ ಜಾರಿಸಿದೆ. ಕೆಳಗಿನ ಗದ್ದಲದಲ್ಲಿ ಯಾರಿಗೂ ಗೊತ್ತಾಗುವಂಥದ್ದಲ್ಲ. ಹೊಸ ಹುಡುಗಿಯರ ಪಕ್ಕದಲ್ಲಿ ಇವಳಿಗೆ ವಯಸ್ಸಾಯಿತು ಎಂದು ಮಾತ್ರ ಅನ್ನಿಸುತ್ತದೆ, ಅಷ್ಟೇ.

ಅವಳು ಕಣ್ಣು ತೆರೆದು ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕ್ಕಾ, ಇದು ನನ್ನ ಮುಖ ಅಲ್ಲ."

"ಅದು ಯಾವತ್ತೂ ನಿಂದಲ್ಲ" ಅಂದೆ. ಇಷ್ಟು ದಿನ ಹಿಡಿದಿಟ್ಟಿದ್ದು ಒಂದೇ ಉಸಿರಿಗೆ ಹೊರಗೆ ಬಂತು. "ಆ ಮುಖ ನಾ ಮಾಡಿದ್ದು. ಅದನ್ನ ತೋರಿಸಿ ರೊಕ್ಕಾ ತಗೊಂಡಾಕಿ ನೀ."

ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಹಣೆಯ ಬೆವರನ್ನು ಬೆರಳಿನಿಂದ ಒತ್ತಿಕೊಂಡಳು, ಬಣ್ಣ ಕೆಡದ ಹಾಗೆ, ನಾನೇ ಕಲಿಸಿದ ರೀತಿಯಲ್ಲಿ.

"ನಿನಗ ಕೊಡಬ್ಯಾಡ್ರಿ ಅಂತ ನಾ ಹೇಳಿದ್ನೇನು? ಆ ಸಾಹೇಬನ ಮುಂದ ಅಕ್ಕಂದೂ ಬರಕೋರಿ ಅಂತ ಎಷ್ಟು ಹೇಳಿದೆ, ನೀ ಅಲ್ಲೇ ಕುಂತಿದ್ದಿ." ಹೌದು, ಹೇಳಿದ್ದಳು. ನನಗೆ ಅದು ಮರೆತೇಹೋಗಿತ್ತು. ಅವಳು ದನಿ ಏರಿಸದೆ ಮುಂದುವರಿಸಿದಳು. "ಲಾಕ್‌ಡೌನ್‌ದಾಗ ನಿಮ್ಮ ಮನ್ಯಾಗ ತಿಂಗಳಾ ತಿಂಗಳಾ ಪಗಾರ ಬರ್ತಿತ್ತು. ಅರ್ಧಾ ಇರಲಿ, ಬರ್ತಿತ್ತಲ್ಲ? ನಾ ಕೊತ್ತಂಬ್ರಿ ಮಾರಿ, ಪೋಲೀಸರ ಕೈಲೆ ಬೈಸಿಕೊಂಡು, ಸಂಜೀಕ ನಿಮ್ಮ ಬಾಗಿಲಿಗೆ ಬಂದು ನಿಂತಾಗ ನಿಮ್ಮ ಕುಕ್ಕರಿನ ಸೀಟಿ ಕೇಳತಿದ್ದೆ. ಆವಾಗ ನನಗ ಹೊಟ್ಟಿ ಉರಿದಿಲ್ಲ ಅಂತ ತಿಳಿದಿಯೇನಕ್ಕಾ?"

ಆ ಅರ್ಧ ಪಗಾರವನ್ನು ನಾನು ಯಾವತ್ತೂ ಒಂದು ಸಹಾಯವೆಂದು ನೋಡಿರಲೇ ಇಲ್ಲ. ಅದು ನಮ್ಮ ಹಕ್ಕು, ಅದರಲ್ಲೂ ಅರ್ಧ ಕಡಿಮೆಯಾದ ಹಕ್ಕು ಎಂದು ದುಃಖಪಟ್ಟಿದ್ದೆ. ಎರಡು ಗಲ್ಲಿ ಆಚೆಯಿಂದ ಅದು ಹೇಗೆ ಕಾಣುತ್ತಿತ್ತೋ ಏನೋ. ಅವಳು ಅದನ್ನು ನುಂಗಿಕೊಂಡು ಸೊಪ್ಪು ತಂದಿಡುತ್ತಿದ್ದಳು. ನಾನು ಒಂದು ಫ್ಯಾನನ್ನು ನುಂಗಿಕೊಳ್ಳಲಾಗದೆ ಅವಳ ಹುಬ್ಬು ಇಳಿಸಿದ್ದೆ.

ಕೆಳಗಿನಿಂದ ಅವಳ ಹೆಸರು ಕೂಗುತ್ತಿದ್ದರು. ನಾನು ಹತ್ತಿಗೆ ಎಣ್ಣೆ ಹಚ್ಚಿಕೊಂಡು ಮುಖವನ್ನೆಲ್ಲ ಒರೆಸಿ ತೆಗೆದೆ. ಬಣ್ಣದ ಕೆಳಗಿನಿಂದ ಅವಳ ನಿಜವಾದ ಮುಖ ಬಂತು, ದಣಿದದ್ದು, ಸಿಟ್ಟಿನಲ್ಲಿ ಬಿಗಿದದ್ದು. ಮೊದಲಿನಿಂದ ಶುರು ಮಾಡಿದೆ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ, ನನ್ನ ಕೈ ಎಲ್ಲೆಲ್ಲಿ ಹೋಗುತ್ತದೆ, ಯಾವ ಬ್ರಶ್ಶು ಎತ್ತುತ್ತದೆ ಎಂದು ಕನ್ನಡಿಯಲ್ಲಿ ನೋಡುತ್ತಲೇ ಇದ್ದಳು. ಆವತ್ತು ಅವಳು ಕುಣಿದದ್ದನ್ನು ಘಣಸೋಲಿಯವರು ಇನ್ನೂ ನೆನೆಯುತ್ತಾರಂತೆ. ನಾನು ಮಾಳಿಗೆಯ ಕಿಟಕಿಯಿಂದ ನೋಡಿದೆ. ಚಪ್ಪಾಳೆ ಬಿದ್ದಾಗಲೆಲ್ಲ ಹೆಮ್ಮೆಯೂ ಆಯಿತು, ಅದರ ಬೆನ್ನಿಗೇ ಅದೇ ಉರಿಯೂ ಬಂತು. ನಿಜ ತಿಳಿದುಕೊಂಡ ತಕ್ಷಣ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಅದಾದ ಮೇಲೆ ಅವಳು ನನ್ನ ಮುಂದೆ ಗದ್ದ ಎತ್ತಿ ಕೂರಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ ತನ್ನ ಮುಖವನ್ನು ತಾನೇ ಮಾಡಿಕೊಳ್ಳಲು ಕಲಿಯುತ್ತಿದ್ದಾಳೆ ಎಂದು ಮೇಳದವರು ಹೇಳಿದರು. ಎರಡು ದಿನಕ್ಕೆ ಬೇಸತ್ತು ಬರುತ್ತಾಳೆ ಎಂದು ನಾನು ಕಾದೆ. ಬರಲಿಲ್ಲ. ಕಲ್ಯಾಣದಲ್ಲಿ ಒಂದು ಕಾರ್ಯಕ್ರಮವಿತ್ತು. ಟಿಕೆಟ್ಟು ತೆಗೆದುಕೊಂಡು, ಯಾರಿಗೂ ಹೇಳದೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತೆ. ಕೆಟ್ಟದಾಗಿ ಕಾಣಲಿ ಎಂದು ದೇವರನ್ನು ಬೇಡಿಕೊಂಡದ್ದು ಸುಳ್ಳಲ್ಲ. ದೀಪ ಹತ್ತಿತು. ಅವಳು ಸೆರಗಿನ ಮರೆಯಿಂದ ಮುಖ ತೆಗೆದಳು. ಕಣ್ಣು ನಾನು ಎಳೆಯುವಷ್ಟು ಉದ್ದ ಇರಲಿಲ್ಲ, ಕೆನ್ನೆಯ ಬಣ್ಣ ಸ್ವಲ್ಪ ಹೆಚ್ಚಾಗಿತ್ತು. ಆದರೆ ಆ ಸಣ್ಣ ಕಣ್ಣನ್ನು ಸಣ್ಣದಾಗಿಯೇ ಬಿಟ್ಟು, ಅದರಲ್ಲಿ ಒಂದು ತುಂಟತನ ತಂದಿದ್ದಳು. ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.

ಈಗ ನಾವು ಮಾತಾಡುತ್ತೇವೆ. ಹಬ್ಬಕ್ಕೆ ಡಬ್ಬಿ ಹೋಗುತ್ತದೆ, ಬರುತ್ತದೆ. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡನೇ ಓಡಾಡಿದರು. ಮೇಳದ ಉಳಿದವರ ಬಣ್ಣದ ಕೆಲಸ ಅವಳು ನನಗೇ ಕೊಡಿಸುತ್ತಾಳೆ, ಒಪ್ಪಂದ ಮಾಡುವಾಗ ನನ್ನ ರೊಕ್ಕ ಬೇರೆಯಾಗಿ ಹೇಳಿ ನನಗೆ ಕೊಡಿಸುತ್ತಾಳೆ. ಸರ್ಕಾರದ ಹೊಸ ಯೋಜನೆ ಬಂದರೆ ಮೊದಲು ನನಗೇ ಫೋನ್ ಮಾಡುತ್ತಾಳೆ. ಒಂದರಲ್ಲೂ ನನ್ನ ಕೆಲಸಕ್ಕೆ ಜಾಗ ಇನ್ನೂ ಸಿಕ್ಕಿಲ್ಲ.

ಹೋದ ತಿಂಗಳು ಗ್ರೀನ್‌ರೂಮಿನಲ್ಲಿ ಹುಡುಗಿಯೊಬ್ಬಳ ಕೂದಲು ಕಟ್ಟುತ್ತಿದ್ದೆ. ಆಚೆ ಕನ್ನಡಿಯ ಮುಂದೆ ಅವಳು ತನ್ನ ಹುಬ್ಬು ತಿದ್ದಿಕೊಂಡು ಎದ್ದು, ನನ್ನ ಕಡೆ ತಿರುಗಿ, ಹೆಂಗ ಅದ ಅಕ್ಕಾ ಎಂದು ಕೇಳಿದಳು. ಛಲೋ ಅದ ಅಂದೆ. ನಿಜವಾಗಿಯೂ ಛಲೋ ಇತ್ತು. ಅವಳು ಗೆಜ್ಜೆ ಕಟ್ಟಿಕೊಳ್ಳಲು ಬಗ್ಗಿದಳು. ನಾನು ಹುಡುಗಿಯ ಕೂದಲನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಿರಬೇಕು, ಆ ಹುಡುಗಿ ನೋವಾಯಿತೆಂದು ತಲೆ ಹಿಂದಕ್ಕೆ ಸರಿಸಿಕೊಂಡಳು.