ಅಂಬಣ್ಣನೂ ಆಗಮನಾಭಿಲಾಷಿಗಳೂ

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ವಾಜಿದಾ ಆಪಾ ಅವರ ಲಗ್ನಪತ್ರಿಕೆ ಅಂಗಡಿ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಪತ್ರಿಕೆ ಜೋಡಿಸುವವನು ಯಾದಗಿರಿ ಕಡೆಯ ಅಂಬಣ್ಣ. ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದವನು, ಬೆನ್ನು ಕೈಕೊಟ್ಟ ಮೇಲೆ ಡಿಟಿಪಿ ಕಲಿತು ಇಲ್ಲಿಗೆ ಸೇರಿದ. ತಲೆ ನರೆತರೂ ಜಾಗ ಬಿಟ್ಟು ಕದಲಲಿಲ್ಲ. ಕ್ಯಾಂಟೋನ್ಮೆಂಟಿನ ಎಷ್ಟು ಮದುವೆಗಳು ಅವನ ಬೆರಳಡಿ ಹಾದುಹೋಗಿವೆಯೋ ಅವನಿಗೂ ಗೊತ್ತಿಲ್ಲ. ಊಟಕ್ಕೆ ಕರೆದವರು ಮಾತ್ರ ಕಡಿಮೆ.

ಅವನ ಕೆಲಸದ ಕ್ರಮ ಒಂದೇ. ಖಾಲಿ ಹಾಳೆಯಿಂದ ಶುರು ಮಾಡುವುದು ಅವನ ಜಾಯಮಾನದಲ್ಲೇ ಇಲ್ಲ. ಹಿಂದಿನ ಮದುವೆಯ ಪತ್ರಿಕೆ ತೆರೆ, ಹೆಸರು ಬದಲಿಸು, ಗಣಪತಿ ಇದ್ದಲ್ಲಿ ತಿಮ್ಮಪ್ಪನನ್ನು ಕೂರಿಸು, ಮುಚ್ಚು. ಮುಚ್ಚುವಾಗ ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಕೇಳುತ್ತದೆ. ಕೇಳುವುದು ಇನ್ನೇನನ್ನು, ಮಾಡಿದ್ದನ್ನು ಉಳಿಸಲೇ ಅಂತ. ಅಂಬಣ್ಣ ಓದುವ ಗೋಜಿಗೆ ಹೋಗದೆ ಹೌದು ಅಂತ ಒತ್ತಿ ಚಹಾಕ್ಕೆ ಏಳುತ್ತಾನೆ. ಇಷ್ಟು ವರ್ಷದಲ್ಲಿ ಆ ಯಂತ್ರ ಅವನನ್ನು ಬೇರೆ ಪ್ರಶ್ನೆ ಕೇಳಿದ್ದೇ ಇಲ್ಲ.

ಹೀಗಿರುವಾಗ ಜನ ಪತ್ರಿಕೆ ಹಂಚುವುದನ್ನು ಬಿಟ್ಟು ಫೋನಿನಲ್ಲೇ ಕರೆಯತೊಡಗಿದರು. ಆಪಾ ಒಂದಷ್ಟು ದಿನ ನೋಡಿದರು, ಆಮೇಲೆ ಮದುವೆಗೊಂದು ವೆಬ್‌ಸೈಟು ಮಾಡಿಕೊಡುವ ವ್ಯಾಪಾರಕ್ಕೆ ಕೈ ಹಾಕಿದರು. ಅವರ ತಂಗಿಯ ಮಗಳು ತೂಬಾ ಇಂದಿರಾನಗರದ ಕಂಪನಿಯೊಂದರಲ್ಲಿ ಇದೇ ಕೆಲಸದವಳು. ಭಾನುವಾರ ಬಂದು ಅಂಬಣ್ಣನ ಯಂತ್ರದಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದಳು. ಚಿತ್ರವಿಲ್ಲ, ಗುಂಡಿಯಿಲ್ಲ, ಮಿಣುಕುವ ಒಂದು ಗೆರೆ ಅಷ್ಟೆ.

"ಅಂಕಲ್, ಇಲ್ಲಿ ಒಂದು ಸಾಲು ಟೈಪ್ ಮಾಡಿ, ಹೆಸರು ಕೊಡಿ. ಸೈಟಿನ ಚೌಕಟ್ಟೆಲ್ಲ ಇದೇ ಕಟ್ಟಿಕೊಡತ್ತೆ. ಆಮೇಲೆ ಒಂದೊಂದು ಭಾಗಕ್ಕೂ ಹಂಗೇ. ಫೋಟೋಗೊಂದು, ಮುಹೂರ್ತಕ್ಕೊಂದು, ನೆಂಟ್ರ ಹೆಸರಿಗೊಂದು."

ಅವಳು ಸಾಲು ಬರೆದು ಒತ್ತಿದ್ದೇ ತಡ, ಬುಟ್ಟಿ ಮಗುಚಿದ ಹಾಗೆ ಫೈಲುಗಳು ಉದುರಿದವು.

"ಇದ್ರಾಗ ಪತ್ರಿಕಿ ಯಾವ್ದವ್ವಾ?" ಅಂದ ಅಂಬಣ್ಣ.

"ಎಲ್ಲಾ ಸೇರಿದ್ರೆ ಪತ್ರಿಕೆ, ಅಂಕಲ್."

"ಹಳೇದನ್ನ ಕಾಪಿ ಹೊಡದ್ರ ಆಗಲ್ಲೇನು?"

"ಕಾಪಿ ಹೊಡೀರಿ. ಬೆನ್ಸನ್ ಟೌನ್ ಹೆಣ್ಣಿಗೆ ಹಳೇ ಸೈಟಿನ ಹಲಸೂರು ಗಂಡು ಬರ್ತಾನೆ. ಅವರಿಬ್ರನ್ನೂ ನೀವೇ ಸಮಾಧಾನ ಮಾಡಿ."

ತೂಬಾ ಹೋದ ಮೇಲೆ ಆಪಾ ಕನ್ನಡಕ ತೆಗೆದಿಟ್ಟು ಅಂದರು: "ನೋಡು ಅಂಬಣ್ಣ, ಪತ್ರಿಕೆ ಕೆಲಸ ಇನ್ಮೇಲೆ ಅಷ್ಟಕ್ಕಷ್ಟೇ. ಮುನಿವೆಂಕಟಪ್ಪೋರ ಮಗಳ ಸೈಟು ನೀನೊಬ್ನೇ ಮಾಡು. ಆಯ್ತು ಅಂದ್ರೆ ಇಲ್ಲೇ ಇರು. ಆಗ್ಲಿಲ್ಲ ಅಂದ್ರೆ ಹೊರಗಿನ ಹುಡುಗ್ರಿಗೆ ಕೊಡ್ಬೇಕಾಗತ್ತೆ. ನಿಂಗೆ ಸುಳ್ಳು ಹೇಳೋಕೆ ನಂಗಾಗಲ್ಲ."

ಮುನಿವೆಂಕಟಪ್ಪನವರು ಕೆ.ಆರ್. ಪುರದಾಚೆಯ ಹಳೇ ಹಳ್ಳಿಯ ಯಜಮಾನರು. ರಾಗಿ ಬೆಳೆದ ಹೊಲದಲ್ಲಿ ಈಗ ಪಿ.ಜಿ. ಕಟ್ಟಡ ನಿಲ್ಲಿಸಿದ್ದಾರೆ. ಮಗಳು ಭವ್ಯಳ ಮದುವೆ. ಫೋಟೋ ಆಯಿತು, ಮುಹೂರ್ತ ಆಯಿತು, ಹೇಗೋ ತಡವರಿಸಿ ಅಂಬಣ್ಣ ಮುಗಿಸಿದ. ಉಳಿದದ್ದು ಆಗಮನಾಭಿಲಾಷಿಗಳು, ಅಂದರೆ ನೆಂಟರು ಬರಲೆಂದು ಬಯಸಿ ಕಾದಿರುವ ಮನೆಮಂದಿ. ಯಜಮಾನರು ಪಕ್ಕದಲ್ಲೇ ಕೂತು ಎರಡು ಮಧ್ಯಾಹ್ನ ಬಾಯಲ್ಲೇ ಹೇಳಿ ಬರೆಸಿದರು.

"ನಮ್ ತಮ್ಮನ್ನ ಮೇಲೆ ಹಾಕು. ಬ್ಯಾಡ, ಕೆಳಗಾಕು. ಜಮೀನು ವ್ಯಾಜ್ಯ ಇನ್ನೂ ಕೋರ್ಟಲ್ಲೈತೆ."

"ಮದುವಿ ಮನ್ಯಾಗ ಕೋರ್ಟ್ ಯಾಕ್ರೀ ಯಜಮಾನ್ರ."

"ಹಂಗಾರೆ ಮಧ್ಯಕ್ಕಾಕು. ಯಾರ್ಗೂ ಕಾಣ್ದಂಗೆ."

ಅಂತೂ ಮುಗಿಯಿತು. ಮಾರನೆಯ ಬೆಳಿಗ್ಗೆ ಅಂಬಣ್ಣನಿಗೆ ಹೊಳೆಯಿತು: ಈ ಹೆಸರುಗಳ ಭಾಗ ಕಟ್ಟುವಾಗ ಹಿರಿಯರ ಫೋಟೋಗೆ ಜಾಗ ಬೇಕೇ ಅಂತ ಆ ಕಿಟಕಿ ಮೊದಲೇ ಕೇಳಿತ್ತು, ತಾನು ಬೇಡ ಅಂದಿದ್ದ. ಸರಿ, ಅದನ್ನೇ ಇನ್ನೊಮ್ಮೆ ಹೇಳಿದರಾಯಿತು ಅಂತ ಅದೇ ಸಾಲು ಬರೆದ, ಅದೇ ಹೆಸರು ಕೊಟ್ಟ, ಈ ಸಲ ಫೋಟೋ ಬೇಕು ಅಂದ. ಕಿಟಕಿ ಇನ್ನೇನೋ ಕೇಳಿತು. ಹೌದು ಅಂತ ಒತ್ತಿ ಚಹಾಕ್ಕೆ ಎದ್ದ.

ಬಂದು ತೆರೆದು ನೋಡಿದರೆ ಮೇಲೊಂದು ತಲೆಬರಹ, ಕೆಳಗೆ ಬಟ್ಟಬಯಲು. ಅಕ್ಕತಂಗಿಯರಿಲ್ಲ, ಬೀಗರಿಲ್ಲ, ಕೋರ್ಟಿನ ತಮ್ಮನೂ ಇಲ್ಲ. ಅಂಬಣ್ಣ ಮುಚ್ಚಿ ತೆರೆದ, ಯಂತ್ರವನ್ನೇ ಆರಿಸಿ ಹಚ್ಚಿದ. ಇಲ್ಲ. ಕೊನೆಗೆ ತೂಬಾಗೆ ಫೋನು ಹಚ್ಚಿದ.

"ಅದು ಏನು ಕೇಳ್ತು ಅಂಕಲ್?"

"ಉಳಿಸ್ಲೇನು ಅಂತ ಕೇಳ್ತು."

"ಉಳಿಸ್ಲಾ ಅಂತಲ್ಲ. ಈ ಹೆಸರಿಂದು ಆಗ್ಲೇ ಒಂದಿದೆ, ಅದನ್ನ ಅಳಿಸಿ ಹೊಸದು ಕಟ್ಲಾ ಅಂತ."

"ನನ್ನ ಕೇಳ್ದೇನೇ ಅಳಿಸ್ತೇನು?"

"ನಿಮ್ಮನ್ನೇ ಕೇಳಿದ್ದು ಅಂಕಲ್. ನೀವು ಹ್ಞೂಂ ಅಂದಿದ್ದೀರಾ."

ಬೇರೆ ಕಡೆ ಪ್ರತಿ ತೆಗೆದಿಟ್ಟಿದ್ದೀರಾ ಅಂತ ಅವಳು ಕೇಳಿದಳು. ಅಂಬಣ್ಣನಿಗೆ ಆ ಮಾತೂ ಹೊಸದು. ಎರಡು ದಿನ ಕೂತು ಬರೆದದ್ದನ್ನು ಅಳಿಸಲೇ ಅಂತ ಯಾರಾದರೂ ಅಷ್ಟು ನಯವಾಗಿ ಕೇಳುತ್ತಾರೆಯೇ? ಕೇಳಿದರೂ, ಬೇಡಪ್ಪಾ ಅನ್ನುವಷ್ಟು ಹೊತ್ತು ಕಾಯಬಾರದೇ? ಅವನಿಗೆ ಕಿಟಕಿಯ ಮೇಲೆ ಸಿಟ್ಟು ಬರಬೇಕೋ ತನ್ನ ಮೇಲೆ ಬರಬೇಕೋ ಬಗೆಹರಿಯಲಿಲ್ಲ. ಅಷ್ಟರಲ್ಲಿ ಯಜಮಾನರು ಸೈಟು ನೋಡಲು ಹೆಂಡತಿ ಚಿಕ್ಕಮುನಿಯಮ್ಮನೊಂದಿಗೆ ಮೆಟ್ಟಿಲೇರಿ ಬಂದೇಬಿಟ್ಟರು. ಒಳಗೆ ಆಪಾ ಫೋನಿನಲ್ಲಿದ್ದರು. ನೆಪ ಹುಡುಕಲು ಅಂಬಣ್ಣನ ತಲೆ ಓಡಲಿಲ್ಲ.

"ಯಜಮಾನ್ರ, ಹೆಸ್ರು ಹೋದ್ವು."

"ಎಲ್ಲಿಗೆ?"

"ಗೊತ್ತಿಲ್ರೀ. ಅಳಿಸ್ಲೇನು ಅಂತ ಕೇಳ್ತು, ನಾನೇ ಹ್ಞೂಂ ಅಂದೆ."

"ಯಾರು ಕೇಳಿದ್ದು?"

ಅಂಬಣ್ಣ ಕಪ್ಪು ಕಿಟಕಿಯ ಕಡೆ ಬೆರಳು ಮಾಡಿದ. ಯಜಮಾನರು ಬಗ್ಗಿ ಅದನ್ನು ದಿಟ್ಟಿಸಿದರು. "ನಮ್ ತಮ್ಮ ಏನಾದ್ರೂ ಈ ಕಡೆ ಬಂದಿದ್ನಾ?"

ಚಿಕ್ಕಮುನಿಯಮ್ಮ ಸ್ಟೂಲು ಎಳೆದುಕೊಂಡು ಕೂತರು. "ಈವಪ್ಪ ಹೇಳಿದ್ರೆ ಇನ್ನೂ ಎರಡು ದಿನ. ನಾನೇಳ್ತೀನಿ, ಬರ್ಕೊಳಪ್ಪ. ಕುಂಕುಮ ಕೊಟ್ಟು ಕರೆಯಾಕೆ ಹೋದಂಗೆ ಹೋಗನ."

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಊರಬಾಗಿಲಿನಿಂದ ಹೊರಟರು. ಎಡಗಡೆ ದೊಡ್ಡತ್ತೆ ಮನೆ, ಆಮೇಲೆ ಬಾವಿ ಮನೆಯವರು, ಹುಣಸೆಮರ ದಾಟಿದರೆ ಸೋದರಮಾವನ ಮಕ್ಕಳು. ಅಂಬಣ್ಣ ಟೈಪು ಮಾಡುತ್ತಾ ಹಿಂದೆಯೇ ನಡೆದ.

"ಆ ಬಾವಿ ಮುಚ್ಚಿ ಲಿಫ್ಟ್ ಮಡಗವ್ರೆ ಕಣೆ," ಅಂದರು ಯಜಮಾನರು.

"ಮಡಗ್ಲಿ. ನಾನು ಬಾವಿ ಕಡೆಯಿಂದಾನೇ ಹೋಗದು."

ಯಜಮಾನರ ತಮ್ಮನ ಮನೆ ಬಂತು. ಅದು ಇವರ ಮನೆಯ ಪಕ್ಕದ್ದೇ. ಚಿಕ್ಕಮುನಿಯಮ್ಮ ಅವನ ಹೆಸರು ಹೇಳಿದರು, ಗಂಡನ ಹೆಸರಿನ ಪಕ್ಕಕ್ಕೇ.

"ಅವ್ನು ಅಲ್ಲಿ..." ಯಜಮಾನರು ಬಾಯಿ ತೆರೆದರು.

"ಅವನ ಮನೆ ಅಲ್ಲೈತೆ. ನಾನೇನು ಎತ್ತಿ ಬ್ಯಾರೆ ಕಡೆ ಇಡಾಕಾಯ್ತದಾ?"

ಯಜಮಾನರು ಅಂಬಣ್ಣನ ಕಡೆ ತಿರುಗಿ, "ಬರಿ" ಅಂದರು.

ಅವರು ಹೋದ ಮೇಲೆ ಆಪಾ ತಮ್ಮ ಫೋನಿನಲ್ಲಿ ಸೈಟನ್ನು ಮೇಲಿಂದ ಕೆಳಕ್ಕೆ ಸರಿಸಿ ನೋಡಿದರು. ಅಂಬಣ್ಣ ಎದುರಿಗೆ ನಿಂತೇ ಇದ್ದ.

"ಆಪಾ, ಇದು ನಾನೊಬ್ನೇ ಮಾಡಿದ್ದಲ್ರೀ. ಚೌಕಟ್ಟು ಅದು ಕಟ್ತು, ಹೆಸ್ರು ಆ ಅವ್ವ ಹೇಳಿದ್ರು. ಅಳಿಸಿದ್ದಷ್ಟೇ ನಾನು."

"ನೀನು ಅದನ್ನ ಅವರಿಗೆ ಹೇಳಿದ್ದೂ ಒಳಗಿಂದ್ಲೇ ಕೇಳಿಸ್ಕೊಂಡೆ. ರಿಚರ್ಡ್ಸ್ ಟೌನಿನವರು ಸಂಜೆ ಬರ್ತಾರೆ, ನಿಖಾ ಸೈಟು. ಹೋಗಿ ಕೂತ್ಕೋ."

"ಅಂದ್ರ... ನಾ ಇರ್ಲೇನು?"

"ಮತ್ತೆ ಅವರ ನೆಂಟ್ರ ಹೆಸರು ನಾನು ಬರೀಲಾ? ಇನ್ಮೇಲೆ ಅದು ಏನಾದ್ರೂ ಕೇಳಿದ್ರೆ, ಹ್ಞೂಂ ಅನ್ನೋಕೆ ಮುಂಚೆ ನನ್ನ ಕರಿ."

"ನಿಮಗ ಅದರ ಇಂಗ್ಲಿಷ್ ತಿಳೀತದೇನ್ರೀ?"

"ಇಲ್ಲ," ಅಂದರು ಆಪಾ. "ಇಬ್ರೂ ಕೂತು ನೋಡೋಣ."